ಪೂರಿಮ್ ಹಬ್ಬಕ್ಕೆ ಸಿದ್ಧತೆ: ನಾಲ್ಕು ಕರ್ತವ್ಯಗಳು, ಅವುಗಳ ಅಳತೆ, ಅವುಗಳೊಳಗಿನ ಪಾಠ

ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿರುವ ಕರಾವಳಿ ಕರ್ನಾಟಕದವರು ಫಾಲ್ಗುಣದ ಹುಣ್ಣಿಮೆಯ ಆಸುಪಾಸಿನಲ್ಲಿ ತಾವಿರುವ ಮನೆಯಲ್ಲಿ ಒಂದು ವಿಚಿತ್ರ ದಿನವನ್ನು ಕಾಣುತ್ತಾರೆ. ಮೊಮ್ಮಕ್ಕಳು ರಾಜರಾಣಿಯರ ವೇಷ ತೊಟ್ಟು ಬರುತ್ತಾರೆ, ನೆರೆಮನೆಗಳಿಂದ ತಿಂಡಿಯ ಬುಟ್ಟಿಗಳು ಒಂದರ ಹಿಂದೊಂದು ಬರುತ್ತವೆ, ಪ್ರಾರ್ಥನಾ ಮಂದಿರದಲ್ಲಿ ಗಂಭೀರವಾಗಿ ಕುಳಿತ ಹಿರಿಯರು ಒಂದು ಹೆಸರು ಕಿವಿಗೆ ಬಿದ್ದೊಡನೆ ನೆಲವನ್ನು ಕಾಲಿನಿಂದ ಗುದ್ದಿ ಗದ್ದಲವೆಬ್ಬಿಸುತ್ತಾರೆ. ಅದು ಪೂರಿಮ್. ಇಂಥ ಮನೆಯಲ್ಲಿರುವವರಿಗೆ, ಯೆಹೂದಿ ಸ್ನೇಹಿತರಿಂದ ಹಬ್ಬದೂಟಕ್ಕೆ ಆಮಂತ್ರಣ ಪಡೆದವರಿಗೆ, ತರಗತಿಯಲ್ಲಿ ಬೇರೆ ಧರ್ಮಗಳ ಹಬ್ಬಗಳನ್ನು ಪರಿಚಯಿಸಬೇಕಾದ ಅಧ್ಯಾಪಕರಿಗೆ ಮತ್ತು ಎಸ್ತೇರಳ ಪುಸ್ತಕವನ್ನು ಕನ್ನಡ ಬೈಬಲಿನಲ್ಲಿ ಓದಿ, ಅದನ್ನು ಯೆಹೂದಿಗಳು ಹೇಗೆ ಬದುಕುತ್ತಾರೆಂದು ತಿಳಿಯಬಯಸುವವರಿಗೆ ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ.

ಪೂರಿಮಿನ ಪಾಠಗಳನ್ನು ಪ್ರವಚನಗಳಲ್ಲಿ ಹುಡುಕುವುದಕ್ಕಿಂತ ಅದರ ಅಳತೆಗಳಲ್ಲಿ ಹುಡುಕುವುದು ಲೇಸು ಎಂಬುದು ನನ್ನ ನಿಲುವು. ಎಷ್ಟು ಸಲ ಕೇಳಬೇಕು, ಎಷ್ಟು ಮಂದಿಗೆ ಕೊಡಬೇಕು, ಯಾವ ಹೊತ್ತಿನಲ್ಲಿ ಉಣ್ಣಬೇಕು, ಒಂದು ಕರ್ತವ್ಯವು ಇನ್ನೊಂದಕ್ಕೆ ಅಡ್ಡಬಂದರೆ ಯಾವುದನ್ನು ಬಿಡಬೇಕು ಎಂಬ ಚಿಕ್ಕ ಲೆಕ್ಕಗಳನ್ನು ಯೆಹೂದಿ ಧರ್ಮಗುರುಗಳಾದ ರಬ್ಬಿಗಳು ಶತಮಾನಗಳ ಕಾಲ ಚರ್ಚಿಸಿದ್ದಾರೆ, ಮತ್ತು ಈ ಹಬ್ಬವು ಮನುಷ್ಯನಿಂದ ಏನನ್ನು ಕೇಳುತ್ತದೆ ಎಂಬುದು ಆ ಲೆಕ್ಕಗಳಲ್ಲಿಯೇ ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ದಿನವನ್ನು ಗೊತ್ತುಮಾಡಿಕೊಳ್ಳುವುದು

ಪೂರಿಮ್ ಬರುವುದು ಯೆಹೂದಿ ಪಂಚಾಂಗದ ಅದಾರ್ ತಿಂಗಳ 14ನೆಯ ದಿನ. ತಿಂಗಳು ಅಮಾವಾಸ್ಯೆಯ ನಂತರ ಆರಂಭವಾಗುವುದರಿಂದ ಹಬ್ಬವು ಹುಣ್ಣಿಮೆಯ ಹತ್ತಿರ ಬೀಳುತ್ತದೆ, ಹೆಚ್ಚಿನ ವರ್ಷಗಳಲ್ಲಿ ಅದು ನಮ್ಮ ಕಾಮನ ಹುಣ್ಣಿಮೆಯ ನೆರೆಯಲ್ಲಿಯೇ ಇರುತ್ತದೆ. ಕೊಂಕಣದ ಬೆನೆ ಇಸ್ರಾಯೇಲ್ ಯೆಹೂದಿಗಳು ಮರಾಠಿಯಲ್ಲಿ ಪೂರಿಮನ್ನು ‘ಹೋಳೀಚಾ ಸಣ’, ಎಂದರೆ ಹೋಳಿಯ ಹಬ್ಬ, ಎಂದೇ ಕರೆಯುತ್ತಿದ್ದುದು ಈ ನೆರೆಹೊರೆಯಿಂದಲೇ. ಯೆಹೂದಿಗಳಿಗೂ ನಮ್ಮಂತೆಯೇ ಅಧಿಕ ಮಾಸವುಂಟು: 19 ವರ್ಷಗಳ ಒಂದು ಆವರ್ತದಲ್ಲಿ ಏಳು ವರ್ಷಗಳಿಗೆ ಹದಿಮೂರು ತಿಂಗಳು ಬರುತ್ತವೆ, ಆಗ ಅದಾರ್ ಎರಡು ಸಲ ಬರುತ್ತದೆ ಮತ್ತು ಪೂರಿಮನ್ನು ಎರಡನೆಯ ಅದಾರಿನಲ್ಲಿ ಆಚರಿಸುತ್ತಾರೆ. ಅದಕ್ಕೆ ರಬ್ಬಿಗಳ ಚರ್ಚೆಗಳ ಹಳೆಯ ಸಂಗ್ರಹವಾದ ತಾಲ್ಮೂದ್ ಕೊಡುವ ಕಾರಣ ಸೊಗಸಾಗಿದೆ. ಎಸ್ತೇರಳ ಕಾಲದ ಬಿಡುಗಡೆಯನ್ನು ಈಜಿಪ್ಟಿನ ಬಿಡುಗಡೆಯ ಹಬ್ಬವಾದ ಪೆಸಹಕ್ಕೆ ಪಕ್ಕದಲ್ಲಿಯೇ ಇಡಬೇಕಂತೆ.

2026ರಲ್ಲಿ ಪೂರಿಮ್ ಮಾರ್ಚ್ 3ರ ಮಂಗಳವಾರ, 2027ರಲ್ಲಿ ಮಾರ್ಚ್ 23ರ ಮಂಗಳವಾರ, 2028ರಲ್ಲಿ ಮಾರ್ಚ್ 12ರ ಭಾನುವಾರ. ಯೆಹೂದಿ ದಿನವು ಸೂರ್ಯಾಸ್ತದಿಂದ ಆರಂಭವಾಗುವುದರಿಂದ, ಈ ಪ್ರತಿಯೊಂದು ದಿನದ ಹಿಂದಿನ ಸಂಜೆಯೇ ಹಬ್ಬ ಶುರುವಾಗುತ್ತದೆ ಎಂಬುದನ್ನು ಮರೆಯಬಾರದು. ಆಮಂತ್ರಣವನ್ನು ತಪ್ಪಾಗಿ ಓದಿಕೊಂಡು ಒಂದು ದಿನ ತಡವಾಗಿ ಹೋಗುವುದು ಹೊಸಬರಿಗೆ ಸಾಮಾನ್ಯ.

ಜೆರೂಸಲೇಮಿನಲ್ಲಿರುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಯೆಹೋಶುವನ ಕಾಲದಿಂದ ಕೋಟೆಗೋಡೆಯಿದ್ದ ನಗರಗಳಲ್ಲಿ ಪೂರಿಮನ್ನು ಮರುದಿನ, ಎಂದರೆ ಅದಾರ್ 15ರಂದು ಆಚರಿಸಬೇಕೆಂದು ತಾಲ್ಮೂದಿಗೆ ಆಧಾರವಾದ ಶಾಸ್ತ್ರಸಂಗ್ರಹ ಮಿಶ್ನಾ ಹೇಳುತ್ತದೆ. ಅದರ ಹೆಸರು ಶೂಷನ್ ಪೂರಿಮ್. ಟೆಲ್ ಅವೀವಿನಲ್ಲಿ ಹಬ್ಬ ಮುಗಿಯುವ ಹೊತ್ತಿಗೆ ಜೆರೂಸಲೇಮಿನಲ್ಲಿ ಆರಂಭವಾಗುತ್ತದೆ. ವಾರದ ವಿಶ್ರಾಂತಿಯ ದಿನವಾದ ಶನಿವಾರದ ಶಬ್ಬಾತಿನಲ್ಲಿರುವಂಥ ಕೆಲಸದ ನಿಷೇಧ ಪೂರಿಮಿಗಿಲ್ಲವಾದ್ದರಿಂದ ಫೋನು, ವಾಹನ, ಹಣ ಎಲ್ಲವನ್ನೂ ಬಳಸಬಹುದು.

ಕಥೆಯನ್ನು ಮುಂಚಿತವಾಗಿ ಓದಿಕೊಳ್ಳುವುದು

ಎಸ್ತೇರಳ ಪುಸ್ತಕದಲ್ಲಿರುವುದು ಹತ್ತೇ ಅಧ್ಯಾಯಗಳು. ಒಂದೇ ಕೂರಿಕೆಯಲ್ಲಿ ಓದಿ ಮುಗಿಸಬಹುದು, ಮುಗಿಸಲೂಬೇಕು. ಹಬ್ಬದ ರಾತ್ರಿ ಅದನ್ನು ಹೀಬ್ರೂ ಭಾಷೆಯಲ್ಲಿ ವೇಗವಾಗಿ ಓದುತ್ತಾರಾದ್ದರಿಂದ, ಕಥೆ ಗೊತ್ತಿಲ್ಲದವರು ಗದ್ದಲವನ್ನು ಮಾತ್ರ ಕೇಳಿ ಮರಳಬೇಕಾಗುತ್ತದೆ.

ಮೊದಲ ವಚನದಲ್ಲಿಯೇ ನಮ್ಮ ದೇಶದ ಹೆಸರಿದೆ. ಪರ್ಷಿಯದ ಅರಸ ಅಹಷ್ವೇರೋಷನು ‘ಹೊದ್ದು’ವಿನಿಂದ ಕೂಷಿನವರೆಗೆ 127 ಸಂಸ್ಥಾನಗಳನ್ನು ಆಳುತ್ತಿದ್ದನೆಂದು ಕಥೆ ಆರಂಭವಾಗುತ್ತದೆ, ಆ ಹೊದ್ದು ಎಂದರೆ ಭಾರತ. ಇಂದಿಗೂ ಹೀಬ್ರೂವಿನಲ್ಲಿ ಭಾರತಕ್ಕೆ ಅದೇ ಹೆಸರು. ಆತನ ರಾಜಧಾನಿ ಶೂಷನ್ ಇಂದಿನ ಇರಾನಿನ ಖೂಜೆಸ್ತಾನ್ ಪ್ರಾಂತದಲ್ಲಿದೆ. ಅರಸನನ್ನು ವಿದ್ವಾಂಸರು ಸಾಮಾನ್ಯವಾಗಿ ಕ್ರಿಸ್ತಪೂರ್ವ 5ನೇ ಶತಮಾನದ ಕ್ಸೆರ್ಕ್ಸಿಸನೊಂದಿಗೆ ಗುರುತಿಸುತ್ತಾರೆ, ಆದರೆ ಕಥೆಯ ಚಾರಿತ್ರಿಕತೆಯ ಬಗ್ಗೆ ಅವರಲ್ಲಿ ಒಮ್ಮತವಿಲ್ಲ. ಹಬ್ಬದ ಪಾಠಕ್ಕೆ ಆ ವಿವಾದ ಅಡ್ಡಿಯೂ ಅಲ್ಲ.

ಅರಸನ ಮಂತ್ರಿ ಹಾಮಾನನು ತನಗೆ ಮೊರ್ದೆಕೈ ಎಂಬ ಯೆಹೂದಿ ಅಡ್ಡಬೀಳಲಿಲ್ಲವೆಂಬ ಸಿಟ್ಟಿಗೆ ಆ ಜನಾಂಗವನ್ನೇ ಅಳಿಸಲು ನಿಶ್ಚಯಿಸಿ, ದಿನವನ್ನು ಗೊತ್ತುಮಾಡಲು ಚೀಟಿ ಹಾಕಿಸುತ್ತಾನೆ. ಆ ಚೀಟಿಗೆ ‘ಪೂರ್’ ಎಂದು ಹೆಸರು, ಅದರ ಬಹುವಚನ ಪೂರಿಮ್. ವರ್ಷದ ಮೊದಲ ತಿಂಗಳಲ್ಲಿ ಹಾಕಿದ ಚೀಟಿ ಹನ್ನೆರಡನೆಯ ತಿಂಗಳಾದ ಅದಾರಿಗೆ ಬೀಳುತ್ತದೆ. ಓದುವಾಗ ಮೂರು ಜಾಗಗಳಲ್ಲಿ ಗುರುತು ಹಾಕಿಟ್ಟುಕೊಳ್ಳಿ, ಏಕೆಂದರೆ ಮುಂದಿನ ಕರ್ತವ್ಯಗಳು ಅರ್ಥವಾಗುವುದು ಅಲ್ಲಿಂದಲೇ.

ಮೂರನೆಯ ಅಧ್ಯಾಯದ 8ನೆಯ ವಚನದಲ್ಲಿ ಹಾಮಾನನು ಅರಸನಿಗೆ, ನಿನ್ನ ರಾಜ್ಯದ ಜನಗಳ ನಡುವೆ ಚದರಿಹೋಗಿರುವ ಒಂದು ಜನಾಂಗವಿದೆ, ಅವರ ಕಟ್ಟಳೆಗಳು ಬೇರೆಯವರಂತಿಲ್ಲ, ಅವರನ್ನು ಸುಮ್ಮನೆ ಬಿಡುವುದು ನಿನಗೆ ಒಳಿತಲ್ಲ ಎಂದು ಹೇಳುತ್ತಾನೆ. ಅವನು ಆ ಜನಾಂಗದ ಹೆಸರನ್ನು ಹೇಳುವುದೂ ಇಲ್ಲ, ಅರಸನು ಕೇಳುವುದೂ ಇಲ್ಲ. ಅಲ್ಪಸಂಖ್ಯಾತರ ಮೇಲೆ ಹೊರಿಸುವ ಆರೋಪದ ಈ ಮಾದರಿ ಇಂದಿಗೂ ಹಳತಾಗಿಲ್ಲವೆಂಬುದನ್ನು ಓದುಗರಿಗೆ ವಿವರಿಸಬೇಕಾಗಿಲ್ಲ.

ನಾಲ್ಕನೆಯ ಅಧ್ಯಾಯದಲ್ಲಿ, ಅರಸನ ರಾಣಿಯಾಗಿರುವ ಯೆಹೂದಿ ಹೆಣ್ಣು ಎಸ್ತೇರಳು, ತನ್ನ ಜನರಿಗಾಗಿ ಅರಸನನ್ನು ಬೇಡಿಕೊಳ್ಳಲು ಮೊರ್ದೆಕೈ ಹೇಳಿಕಳುಹಿಸಿದಾಗ, ಮೊದಲು ಹಿಂಜರಿಯುತ್ತಾಳೆ. ಕರೆಯದೆ ಅರಸನ ಬಳಿ ಹೋದವರಿಗೆ ಮರಣವೇ ಗತಿ, ತನ್ನನ್ನು ಮೂವತ್ತು ದಿನಗಳಿಂದ ಕರೆದಿಲ್ಲ ಎಂಬುದು ಅವಳ ಉತ್ತರ. ಅದಕ್ಕೆ ಮೊರ್ದೆಕೈ ಕಳುಹಿಸುವ ಮಾತಿನಲ್ಲಿ ಬೆದರಿಕೆಗಿಂತ ಹೆಚ್ಚಾಗಿ ಒಂದು ಬಿಡುಗಡೆಯಿದೆ: ನೀನು ಸುಮ್ಮನಿದ್ದರೆ ರಕ್ಷಣೆ ಬೇರೊಂದು ಕಡೆಯಿಂದ ಬರುತ್ತದೆ, ಆದರೆ ಇಂಥ ಹೊತ್ತಿಗಾಗಿಯೇ ನೀನು ರಾಣಿಯಾದೆಯೋ ಏನೋ, ಯಾರು ಬಲ್ಲರು? ಎಲ್ಲವೂ ನಿನ್ನಿಂದಲೇ ಆಗಬೇಕು ಎನ್ನದೆ, ನೀನಿಲ್ಲದೆಯೂ ಆಗುತ್ತದೆ, ಆದರೂ ನೀನು ಮಾಡುತ್ತೀಯಾ ಎಂದು ಕೇಳುವ ಈ ರೀತಿ ಯೆಹೂದಿ ಚಿಂತನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಎಸ್ತೇರಳ ಉತ್ತರದ ಆರಂಭದ ಮಾತೂ ಗಮನಾರ್ಹ: ಹೋಗಿ, ಎಲ್ಲ ಯೆಹೂದಿಗಳನ್ನು ‘ಕೂಡಿಸು’. ಚದರಿಹೋದವರು ಎಂಬ ಹಾಮಾನನ ಮಾತಿಗೆ ಅದು ಉತ್ತರ, ಮತ್ತು ಹಬ್ಬದ ದಿನ ಮನೆಯಿಂದ ಮನೆಗೆ ಓಡಾಡುವ ಬುಟ್ಟಿಗಳ ಮೂಲವನ್ನು ರಬ್ಬಿಗಳು ಇಲ್ಲಿಯೇ ಕಂಡಿದ್ದಾರೆ.

ಮೂರನೆಯ ಗುರುತು ಆರನೆಯ ಅಧ್ಯಾಯದ ಆರಂಭಕ್ಕೆ. ಆ ರಾತ್ರಿ ಅರಸನಿಗೆ ನಿದ್ರೆ ಬರಲಿಲ್ಲ. ಅಷ್ಟೇ. ಸಮುದ್ರ ಸೀಳುವುದಿಲ್ಲ, ಬೆಂಕಿ ಇಳಿಯುವುದಿಲ್ಲ. ನಿದ್ರೆಗೆಟ್ಟ ಅರಸನು ದಿನಚರಿಯನ್ನು ಓದಿಸುತ್ತಾನೆ, ಮೊರ್ದೆಕೈ ಹಿಂದೊಮ್ಮೆ ತನ್ನ ಪ್ರಾಣ ಉಳಿಸಿದ್ದು ನೆನಪಿಗೆ ಬರುತ್ತದೆ, ಅಲ್ಲಿಂದ ಎಲ್ಲವೂ ತಿರುಗಿಬೀಳುತ್ತದೆ. ಹತ್ತು ಅಧ್ಯಾಯಗಳಲ್ಲಿ ಒಂದು ಕಡೆಯೂ ದೇವರ ಹೆಸರು ಬರುವುದಿಲ್ಲ. ತೋರಾದಲ್ಲಿ, ಎಂದರೆ ಮೋಶೆಯ ಐದು ಪುಸ್ತಕಗಳಲ್ಲಿ, ಎಸ್ತೇರಳ ಸುಳಿವು ಎಲ್ಲಿದೆ ಎಂದು ತಾಲ್ಮೂದಿನಲ್ಲಿ ಒಂದು ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರವಾಗಿ ಧರ್ಮೋಪದೇಶಕಾಂಡದ 31ನೆಯ ಅಧ್ಯಾಯದಲ್ಲಿ ದೇವರು ‘ನನ್ನ ಮುಖವನ್ನು ಮರೆಮಾಡುವೆನು’ ಎನ್ನುವ ವಚನವನ್ನು ತೋರಿಸುತ್ತಾರೆ, ಏಕೆಂದರೆ ಹೀಬ್ರೂವಿನಲ್ಲಿ ‘ಮರೆಮಾಡುವೆನು’ ಎಂಬ ಪದ ‘ಅಸ್ತೀರ್’, ಎಸ್ತೇರಳ ಹೆಸರಿನ ಪ್ರಾಸ. ವೇಷ ತೊಡುವ ಪದ್ಧತಿಗೂ ಈ ಮರೆಯ ಮಾತನ್ನೇ ಅನೇಕರು ಕಾರಣವಾಗಿ ಹೇಳುತ್ತಾರೆ. ಪದ್ಧತಿ ಮಾತ್ರ ಮಧ್ಯಯುಗದ ಇಟಲಿಯ ಯೆಹೂದಿಗಳಲ್ಲಿ ಬೆಳೆದದ್ದೆಂದು ಕಾಣುತ್ತದೆ.

ಹಬ್ಬದ ಹಿಂದಿನ ದಿನಗಳು

ಹಬ್ಬಕ್ಕೆ ಮುಂಚಿನ ಶಬ್ಬಾತಿನಲ್ಲಿ, ಇಸ್ರಾಯೇಲ್ಯರ ಹಳೆಯ ವೈರಿಗಳಾದ ಅಮಾಲೇಕ್ಯರು ಮರುಭೂಮಿಯಲ್ಲಿ ಹಿಂದುಳಿದ ಬಳಲಿದವರ ಮೇಲೆ ಬಿದ್ದುದನ್ನು ನೆನೆಯುವ ಮೂರು ವಚನಗಳನ್ನು ಓದುತ್ತಾರೆ. ಅದಾರ್ 13ರಂದು ಬೆಳಗಿನಿಂದ ಕತ್ತಲಾಗುವವರೆಗೆ ಎಸ್ತೇರಳ ಉಪವಾಸ. ಅದು ಶಬ್ಬಾತಿನಂದು ಬಿದ್ದರೆ ಹಿಂದಿನ ಗುರುವಾರಕ್ಕೆ ಸರಿಯುತ್ತದೆ, ಆದ್ದರಿಂದ 2028ರಲ್ಲಿ ಉಪವಾಸ ಮಾರ್ಚ್ 9ಕ್ಕೆ ಬರುತ್ತದೆ. ರೋಗಿಗಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಈ ಉಪವಾಸದಿಂದ ವಿನಾಯಿತಿ ಸುಲಭವಾಗಿ ಸಿಗುತ್ತದೆ. ಆರೈಕೆಯಲ್ಲಿರುವ ವೃದ್ಧರು ಹಟ ಹಿಡಿದರೆ ಅವರ ರಬ್ಬಿಯನ್ನೋ ವೈದ್ಯರನ್ನೋ ಕೇಳುವಂತೆ ಮನೆಯವರಿಗೆ ಹೇಳಬಹುದು. ಉಪವಾಸದ ಸಂಜೆ ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ಮೂರು ಅರ್ಧ ನಾಣ್ಯಗಳನ್ನು ಹಾಕುವುದು ಹಿಂದೆ ಜೆರೂಸಲೇಮಿನ ದೇವಾಲಯಕ್ಕೆ ಪ್ರತಿಯೊಬ್ಬನೂ ಕೊಡುತ್ತಿದ್ದ ಅರ್ಧ ಶೆಕೆಲಿನ ನೆನಪಿಗೆ.

ಸುರುಳಿಯನ್ನು ಕೇಳುವುದು

ಮೊದಲ ಕರ್ತವ್ಯ ಮೆಗಿಲ್ಲಾ, ಎಂದರೆ ಎಸ್ತೇರಳ ಸುರುಳಿಯನ್ನು ಕೇಳುವುದು. ಅಳತೆ ಎರಡು ಸಲ: ರಾತ್ರಿ ಒಮ್ಮೆ, ಮರುದಿನ ಬೆಳಗಿನಲ್ಲಿ ಒಮ್ಮೆ. ಬಾಯಿಪಾಠ ಒಪ್ಪಿತವಲ್ಲ, ಚರ್ಮದ ಹಾಳೆಯ ಮೇಲೆ ಕೈಯಿಂದ ಬರೆದ ಸುರುಳಿಯಿಂದಲೇ ಓದಬೇಕು. ಹಿಂದುಮುಂದಾಗಿ ಓದಿದರೆ ಕರ್ತವ್ಯ ಸಲ್ಲುವುದಿಲ್ಲವೆಂದು ಮಿಶ್ನಾ ಹೇಳುತ್ತದೆ. ಓದುವವನು ಸುರುಳಿಯನ್ನು ಪತ್ರದಂತೆ ಮಡಿಸಿಕೊಂಡು ಓದುತ್ತಾನೆ, ಏಕೆಂದರೆ ಪುಸ್ತಕವೇ ತನ್ನನ್ನು ಪತ್ರವೆಂದು ಕರೆದುಕೊಳ್ಳುತ್ತದೆ.

ಯಾರು ಕೇಳಬೇಕು ಎಂಬಲ್ಲಿ ಒಂದು ವಿಶೇಷವಿದೆ. ಗೊತ್ತಾದ ಹೊತ್ತಿಗೆ ಕಟ್ಟುಬಿದ್ದ ಅನೇಕ ಕರ್ತವ್ಯಗಳಿಂದ ಯೆಹೂದಿ ಶಾಸ್ತ್ರವು ಸ್ತ್ರೀಯರಿಗೆ ವಿನಾಯಿತಿ ಕೊಡುತ್ತದೆ. ಇಲ್ಲಿ ಕೊಡುವುದಿಲ್ಲ. ರಬ್ಬಿ ಯೆಹೋಶುವ ಬೆನ್ ಲೇವಿ ಅದಕ್ಕೆ ಕೊಟ್ಟ ಕಾರಣ ಒಂದೇ ವಾಕ್ಯದ್ದು: ಆ ಅದ್ಭುತದಲ್ಲಿ ಅವರೂ ಇದ್ದರು.

ಕೇಳುವವರು ಪ್ರತಿ ಪದವನ್ನೂ ಕೇಳಬೇಕು. ಹಾಮಾನನ ಹೆಸರು ಬಂದಾಗ ಮಕ್ಕಳು ‘ರಅಶಾನ್’ ಎಂಬ, ತಿರುಗಿಸಿದರೆ ಗರಗರ ಸದ್ದು ಮಾಡುವ ಆಟಿಕೆಯನ್ನು ತಿರುಗಿಸುತ್ತಾರೆ, ದೊಡ್ಡವರು ಕಾಲು ಗುದ್ದುತ್ತಾರೆ. ಓದುವವನು ಕೈಯೆತ್ತಿದೊಡನೆ ನಿಲ್ಲಿಸುವುದೇ ಇಲ್ಲಿಯ ಶಿಸ್ತು. ಅತಿಥಿಯಾಗಿ ಹೋದವರು ಗದ್ದಲದಲ್ಲಿ ಧೈರ್ಯವಾಗಿ ಸೇರಿಕೊಳ್ಳಬಹುದು, ಆದರೆ ನಿಲ್ಲಿಸುವುದರಲ್ಲಿ ಮೊದಲಿಗರಾಗಿರಲಿ. ಹಾಮಾನನ ಹತ್ತು ಮಕ್ಕಳ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ಕ್ಷಣವನ್ನೂ, ನಾಲ್ಕು ವಚನಗಳನ್ನು ಸಭೆಯವರೇ ಮೊದಲು ಗಟ್ಟಿಯಾಗಿ ಹೇಳುವುದನ್ನೂ ಗಮನಿಸಿ. ಕನ್ನಡ ಬೈಬಲನ್ನು ಕೈಯಲ್ಲಿ ಹಿಡಿದು ಹಿಂಬಾಲಿಸಬಹುದು. ಮಿಶ್ನಾದ ಪ್ರಕಾರ ಪರಭಾಷೆಯವರಿಗೆ ಅವರ ಭಾಷೆಯಲ್ಲಿಯೇ ಮೆಗಿಲ್ಲಾ ಓದಿದರೂ ಸಲ್ಲುತ್ತದೆ, ಅವರು ಅರ್ಥವಾಗದ ಹೀಬ್ರೂವಿನಲ್ಲಿ ಕೇಳಿದರೂ ಸಲ್ಲುತ್ತದೆ.

ಮೆಗಿಲ್ಲಾದ ಹಿರಿಮೆ ಎಷ್ಟೆಂದರೆ ತೋರಾ ಅಧ್ಯಯನವನ್ನು ನಿಲ್ಲಿಸಿ ಅದನ್ನು ಕೇಳಲು ಹೋಗಬೇಕು. ಆದರೆ ದಿಕ್ಕಿಲ್ಲದೆ ಸತ್ತವನೊಬ್ಬನ ಶವಕ್ಕೆ ಸಂಸ್ಕಾರ ಮಾಡಬೇಕಾಗಿ ಬಂದರೆ ಯಾವುದು ಮೊದಲು? ಈ ಪ್ರಶ್ನೆಯನ್ನು ತಾಲ್ಮೂದ್ ಎತ್ತಿ, ಶವಸಂಸ್ಕಾರವೇ ಮೊದಲು, ಏಕೆಂದರೆ ಮನುಷ್ಯನ ಘನತೆ ದೊಡ್ಡದು ಎಂದು ತೀರ್ಮಾನಿಸುತ್ತದೆ. ಹಬ್ಬದ ಕೇಂದ್ರದಲ್ಲಿರುವ ಕರ್ತವ್ಯವೂ ಅನಾಥ ಶವದ ಮುಂದೆ ಪಕ್ಕಕ್ಕೆ ಸರಿಯುತ್ತದೆ.

ಬೇರೆ ಹಬ್ಬಗಳಲ್ಲಿ ಹಾಡುವ ಹಲ್ಲೇಲ್ ಸ್ತುತಿಕೀರ್ತನೆಗಳನ್ನು ಪೂರಿಮಿನಲ್ಲಿ ಹಾಡುವುದಿಲ್ಲ. ಏಕೆಂಬುದಕ್ಕೆ ತಾಲ್ಮೂದಿನಲ್ಲಿ ಹಲವು ಉತ್ತರಗಳಿವೆ. ನನಗೆ ಮರೆಯಲಾಗದ ಉತ್ತರ ರಾವಾ ಎಂಬ ವಿದ್ವಾಂಸನದು: ಈಜಿಪ್ಟಿನಿಂದ ಹೊರಬಂದವರು ಫರೋಹನ ದಾಸರಾಗಿ ಉಳಿಯಲಿಲ್ಲ, ನಾವೋ ಇನ್ನೂ ಅಹಷ್ವೇರೋಷನ ದಾಸರೇ. ಪ್ರಾಣ ಉಳಿಯಿತು, ಆದರೆ ಅರಸ ಬದಲಾಗಲಿಲ್ಲ. ಪೂರಿಮಿನ ನಗುವಿನಲ್ಲಿ ಈ ಎಚ್ಚರ ಸದಾ ಇರುತ್ತದೆ.

ಬಡವರ ಪಾಲು

ಬೆಳಗಿನ ಓದು ಮುಗಿದ ಮೇಲೆ ಮೂರು ಕರ್ತವ್ಯಗಳು ಉಳಿಯುತ್ತವೆ: ಬಡವರಿಗೆ ಕೊಡುವುದು, ಸ್ನೇಹಿತರಿಗೆ ತಿಂಡಿ ಕಳುಹಿಸುವುದು, ಹಬ್ಬದೂಟ. ಇವೆಲ್ಲಕ್ಕೂ ಆಧಾರ ಎಸ್ತೇರಳ ಪುಸ್ತಕದ ಒಂಬತ್ತನೆಯ ಅಧ್ಯಾಯದ 22ನೆಯ ವಚನ. ಮನೆಗಳಲ್ಲಿ ನಡೆಯುವ ಸಿದ್ಧತೆಯನ್ನು ನೋಡಿದರೆ ಬುಟ್ಟಿಗಳೇ ಮುಖ್ಯವೆನಿಸುತ್ತದೆ. ಶಾಸ್ತ್ರದ ಕ್ರಮ ಬೇರೆ. 12ನೇ ಶತಮಾನದ ಮಹಾವಿದ್ವಾಂಸ ಮೈಮೊನಿಡೀಸ್ ತನ್ನ ಧರ್ಮಸಂಹಿತೆಯಲ್ಲಿ ಊಟವನ್ನೂ ಬುಟ್ಟಿಗಳನ್ನೂ ವೈಭವಗೊಳಿಸುವುದಕ್ಕಿಂತ ಬಡವರಿಗೆ ಕೊಡುವುದನ್ನು ಹೆಚ್ಚಿಸುವುದು ಮೇಲೆಂದು ಬರೆದಿದ್ದಾನೆ. ಬಡವರು, ಅನಾಥರು, ವಿಧವೆಯರು, ಪರದೇಶಿಗಳು ಇವರ ಮನಸ್ಸನ್ನು ಸಂತೋಷಪಡಿಸುವುದಕ್ಕಿಂತ ಹಿರಿದಾದ ಸಂತೋಷವಿಲ್ಲ ಎಂಬುದು ಆತನ ಕಾರಣ. ಆದ್ದರಿಂದ ಹಬ್ಬದ ಖರ್ಚಿಗೆ ಹಣ ಎತ್ತಿಡುವಾಗ ಮೊದಲು ಈ ಪಾಲನ್ನು ತೆಗೆದಿಟ್ಟು, ಉಳಿದದ್ದನ್ನು ಬುಟ್ಟಿಗೂ ಊಟಕ್ಕೂ ಹಂಚುವುದು ಸರಿಯಾದ ಕ್ರಮ.

ಇದಕ್ಕೆ ‘ಮತ್ತನೋತ್ ಲಾ ಎವ್ಯೋನೀಮ್’ ಎಂದು ಹೆಸರು, ಬಡವರಿಗೆ ಕೊಡುಗೆಗಳು ಎಂದರ್ಥ. ಕನಿಷ್ಠ ಅಳತೆ ಇಬ್ಬರು ಬಡವರಿಗೆ ಒಂದೊಂದು ಕೊಡುಗೆ. ಹಣವಾಗಲಿ ಆಹಾರವಾಗಲಿ ಆಗಬಹುದು, ಆದರೆ ಅದು ಬಡವರ ಕೈಸೇರುವುದು ಹಬ್ಬದ ಹಗಲಿನಲ್ಲಿಯೇ ಆಗಬೇಕು. ಅವರೂ ಅಂದು ಉಣ್ಣಬೇಕಷ್ಟೆ. ಪರಿಚಯದಲ್ಲಿ ಬಡವರಿಲ್ಲದವರು ಅಥವಾ ಸಂಕೋಚಪಡುವವರು ಮುಂಚಿತವಾಗಿಯೇ ನಂಬಿಕಸ್ಥ ರಬ್ಬಿಗೋ ಸಂಸ್ಥೆಗೋ ಹಣ ಒಪ್ಪಿಸಿ, ಅಂದೇ ಹಂಚಲು ಹೇಳುತ್ತಾರೆ. ವರ್ಷವಿಡೀ ತೆಗೆದಿಡುವ ದಶಾಂಶದ ಹಣದಿಂದ ಈ ಕನಿಷ್ಠ ಅಳತೆಯನ್ನು ತೀರಿಸುವಂತಿಲ್ಲ, ಅದಕ್ಕಿಂತ ಮೇಲೆ ಕೊಡುವುದಕ್ಕೆ ಆ ಹಣವನ್ನು ಬಳಸಬಹುದು.

ಎರಡು ನಿಯಮಗಳ ಬಳಿ ನಿಲ್ಲಬೇಕು. ಮೊದಲನೆಯದು, ಭಿಕ್ಷೆಯಿಂದಲೇ ಬದುಕುವ ಬಡವನೂ ಇಬ್ಬರು ಬಡವರಿಗೆ ಕೊಡಬೇಕು. ಕೊಟ್ಟ ಎರಡು ನಾಣ್ಯಗಳನ್ನು ಅವರು ತಿರುಗಿ ಅವನಿಗೇ ಕೊಟ್ಟರೂ ಸರಿ, ಹಬ್ಬದ ದಿನ ಯಾರೂ ಬರಿಯ ಬೇಡುವವನಾಗಿ ಉಳಿಯಬಾರದು. ಎರಡನೆಯದು, ಉಳಿದ ದಿನಗಳಲ್ಲಿ ದಾನ ಪಡೆಯುವವನ ಅಗತ್ಯವನ್ನು ವಿಚಾರಿಸಬಹುದು, ಪೂರಿಮಿನಂದು ವಿಚಾರಣೆಯಿಲ್ಲ. ಕೈಚಾಚಿದ ಯಾರಿಗೇ ಆಗಲಿ ಕೊಡಬೇಕು. ಯೆಹೂದಿಯಲ್ಲದ ಬಡವರಿಗೂ ಕೊಡುವ ರೂಢಿಯಿರುವಲ್ಲಿ ಅವರಿಗೂ ಕೊಡಬೇಕೆಂದು 16ನೇ ಶತಮಾನದ ಧರ್ಮಸಂಹಿತೆ ಶುಲ್ಖಾನ್ ಆರೂಖ್ ಹೇಳುತ್ತದೆ. ಪ್ರಶ್ನೆ ಕೇಳದೆ ಕೊಡುವುದು ವರ್ಷದ ಎಲ್ಲ ದಿನವೂ ಸಾಧ್ಯವಿಲ್ಲವೆಂದು ತಿಳಿದವರೇ ಅದಕ್ಕೆಂದು ಒಂದು ದಿನವನ್ನು ಮೀಸಲಿಟ್ಟಿದ್ದಾರೆ. ನಾಲ್ಕು ಕರ್ತವ್ಯಗಳಲ್ಲಿ ಒಂದನ್ನಷ್ಟೇ ಮಕ್ಕಳಿಗೆ ಕಲಿಸುವ ಅವಕಾಶವಿದ್ದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ, ಮತ್ತು ಕಲಿಸುವಾಗ ಹಣವನ್ನು ಮಕ್ಕಳ ಕೈಯಿಂದಲೇ ಕೊಡಿಸುತ್ತೇನೆ.

ತಿಂಡಿ ಕಳುಹಿಸುವುದು

‘ಮಿಶ್ಲೋಅಖ್ ಮಾನೋತ್’ ಎಂದರೆ ಪಾಲುಗಳನ್ನು ಕಳುಹಿಸುವುದು. ಒಬ್ಬ ಸ್ನೇಹಿತನಿಗೆ ಎರಡು ಬಗೆಯ ತಿನ್ನುವ ಪದಾರ್ಥಗಳು, ಇದು ಕನಿಷ್ಠ ಅಳತೆ. ಪಾನೀಯವೂ ಒಂದು ಬಗೆಯಾಗಬಹುದು. ಪದಾರ್ಥವು ಆ ಕೂಡಲೇ ತಿನ್ನುವಂತಿರಬೇಕು, ಹಸಿ ತರಕಾರಿ, ಬೇಳೆ, ಬಟ್ಟೆ, ಪುಸ್ತಕ ಇವುಗಳಿಂದ ಕರ್ತವ್ಯ ಸಲ್ಲುವುದಿಲ್ಲ. ಹೆಸರಿನಲ್ಲಿಯೇ ‘ಕಳುಹಿಸುವುದು’ ಎಂದಿರುವುದರಿಂದ ಇನ್ನೊಬ್ಬರ ಕೈಯಲ್ಲಿ ಕಳುಹಿಸುವುದು ವಾಡಿಕೆ, ಮಕ್ಕಳು ಅಂದು ಹಾದಿಯುದ್ದಕ್ಕೂ ಕಾಣುವುದಕ್ಕೆ ಇದೂ ಒಂದು ಕಾರಣ.

ಏಕೆ ಕಳುಹಿಸಬೇಕೆಂಬುದಕ್ಕೆ ಎರಡು ಉತ್ತರಗಳಿವೆ. 15ನೇ ಶತಮಾನದ ರಬ್ಬಿ ಇಸ್ರಾಯೇಲ್ ಇಸ್ಸರ್ಲೈನರ ಪ್ರಕಾರ, ಪ್ರತಿಯೊಬ್ಬರಿಗೂ ಹಬ್ಬದೂಟಕ್ಕೆ ಬೇಕಾದಷ್ಟು ಇರಲಿ ಎಂಬುದಕ್ಕಾಗಿ. 16ನೇ ಶತಮಾನದ ರಬ್ಬಿ ಶ್ಲೋಮೋ ಅಲ್ಕಾಬೆತ್ಸರ ಪ್ರಕಾರ, ಸ್ನೇಹವನ್ನು ಹೆಚ್ಚಿಸುವುದಕ್ಕಾಗಿ. ವ್ಯತ್ಯಾಸ ಪಂಡಿತರದು ಮಾತ್ರವೆನ್ನಬೇಡಿ. ಹೆಸರಿಲ್ಲದೆ ಕಳುಹಿಸಿದ ಬುಟ್ಟಿಯಿಂದ ಊಟ ಕೂಡಿಬರುತ್ತದೆ, ಸ್ನೇಹ ಕೂಡಿಬರುವುದಿಲ್ಲ. ಹಾಗಾಗಿ ಬುಟ್ಟಿಯ ಮೇಲೆ ಹೆಸರು ಬರೆಯಿರಿ. ಈಚೆಗೆ ಬುಟ್ಟಿಗಳು ದೊಡ್ಡದಾಗಿ, ಅಲಂಕಾರದಲ್ಲಿ ಪೈಪೋಟಿಯಾಗಿ, ವ್ಯಾಪಾರದ ಉಡುಗೊರೆಯಂತಾಗಿರುವುದನ್ನು ಅಲ್ಲಿನ ಹಿರಿಯರೇ ಟೀಕಿಸುತ್ತಾರೆ. ಮಾತುಬಿಟ್ಟವರೊಬ್ಬರಿಗೆ ಒಂದು ಹಣ್ಣು, ಒಂದು ತಿಂಡಿ ಕಳುಹಿಸಿದರೆ ಅಲ್ಕಾಬೆತ್ಸರ ಮಾತು ನಡೆದಂತೆ.

ಯೆಹೂದಿಯಲ್ಲದವರು ಪ್ರೀತಿಯಿಂದ ಏನನ್ನಾದರೂ ಕೊಡಬಯಸಿದರೆ ಒಂದು ಎಚ್ಚರಿಕೆ ಬೇಕು. ಆಹಾರನಿಯಮ ಪಾಲಿಸುವವರು ನಮ್ಮ ಅಡುಗೆಮನೆಯಲ್ಲಿ ಮಾಡಿದ್ದನ್ನು ಎಷ್ಟೇ ಶುಚಿಯಾಗಿದ್ದರೂ ತಿನ್ನುವಂತಿಲ್ಲ. ‘ಕೋಷರ್’, ಎಂದರೆ ಆ ನಿಯಮಕ್ಕೆ ಒಪ್ಪುವಂಥದ್ದು, ಎಂಬ ಮುದ್ರೆಯಿರುವ, ಮೊಹರು ಒಡೆಯದ ಪೊಟ್ಟಣ ಮತ್ತು ಕತ್ತರಿಸದ ಇಡೀ ಹಣ್ಣುಗಳು ಸುರಕ್ಷಿತ.

ಬುಟ್ಟಿಯಲ್ಲಿ ತಪ್ಪದೆ ಇರುವುದು ಮೂರು ಮೂಲೆಯ ಒಂದು ತಿಂಡಿ. ಇಸ್ರೇಲಿನಲ್ಲಿ ಅದನ್ನು ‘ಓಜ್ನೇ ಹಾಮಾನ್’, ಹಾಮಾನನ ಕಿವಿಗಳು, ಎನ್ನುತ್ತಾರೆ. ಮಧ್ಯ ಮತ್ತು ಪೂರ್ವ ಯೂರೋಪಿನ ಯೆಹೂದಿಗಳ ಯಿಡ್ಡಿಶ್ ಭಾಷೆಯಲ್ಲಿ ಅದು ಹಾಮಾನ್‌ತಾಶ್. ಒಳಗಿನ ಹೂರಣ ಹಳೆಯ ಕ್ರಮದಲ್ಲಿ ಗಸಗಸೆಯದು, ಆದ್ದರಿಂದ ನಮ್ಮ ಮನೆಗಳಲ್ಲಿ ಮಾಡಿನೋಡುವುದು ಕಷ್ಟವಲ್ಲ. ಎರಡು ಲೋಟ ಮೈದಾ, ಅರ್ಧ ಲೋಟ ಸಕ್ಕರೆ ಪುಡಿ, ಒಂದು ಚಮಚ ಬೇಕಿಂಗ್ ಪೌಡರ್, 100 ಗ್ರಾಂ ಬೆಣ್ಣೆ ಮತ್ತು ಒಂದು ಮೊಟ್ಟೆಯನ್ನು ಕಲಸಿ, ಉಂಡೆ ಒಡೆಯುವಂತಿದ್ದರೆ ಸ್ವಲ್ಪ ಹಾಲು ಸೇರಿಸಿ, ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ನೆನೆಸಿದ ಗಸಗಸೆಯನ್ನು ರುಬ್ಬಿ, ಜೇನುತುಪ್ಪ ಅಥವಾ ಸಕ್ಕರೆಯೊಂದಿಗೆ ಬಾಣಲೆಯಲ್ಲಿ ಗಟ್ಟಿಯಾಗುವವರೆಗೆ ಮಗುಚಿ ಆರಿಸಿ. ಹಿಟ್ಟನ್ನು ಪೂರಿಗಿಂತ ತುಸು ದಪ್ಪಗೆ ಲಟ್ಟಿಸಿ, ಲೋಟದ ಬಾಯಿಂದ ದುಂಡಗೆ ಕತ್ತರಿಸಿ, ನಡುವೆ ಒಂದು ಸಣ್ಣ ಚಮಚ ಹೂರಣವಿಟ್ಟು, ಮೂರು ಕಡೆಯಿಂದ ಅಂಚನ್ನು ಮೇಲೆತ್ತಿ ಮೂಲೆಗಳನ್ನು ಗಟ್ಟಿಯಾಗಿ ಚಿವುಟಿ. ನಡುವಿನ ಹೂರಣ ಸ್ವಲ್ಪ ಕಾಣುತ್ತಿರಲಿ. 180 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅಂಚು ಹೊಂಬಣ್ಣಕ್ಕೆ ಬರುವವರೆಗೆ, ಸುಮಾರು 15 ನಿಮಿಷ, ಬೇಯಿಸಿ. ಬೇಯುವಾಗ ಮೂಲೆ ಬಿಚ್ಚಿಕೊಂಡರೆ ಹೂರಣ ನೀರಾಗಿತ್ತು ಅಥವಾ ಹೆಚ್ಚಾಗಿತ್ತು ಎಂದು ತಿಳಿಯಬೇಕು.

ಊಟ ಮತ್ತು ದ್ರಾಕ್ಷಾರಸ

ಹಬ್ಬದೂಟವನ್ನು ಹಗಲಿನಲ್ಲಿಯೇ ಆರಂಭಿಸಬೇಕು, ರಾತ್ರಿ ಉಂಡರೆ ಕರ್ತವ್ಯ ಸಲ್ಲುವುದಿಲ್ಲ. ಸಾಮಾನ್ಯವಾಗಿ ಮಧ್ಯಾಹ್ನದ ಪ್ರಾರ್ಥನೆಯ ನಂತರ ಆರಂಭಿಸಿ ಕತ್ತಲಾಗುವವರೆಗೆ ನಡೆಸುತ್ತಾರೆ. ಪೂರಿಮ್ ಶುಕ್ರವಾರ ಬಿದ್ದರೆ, 2025ರಲ್ಲಿ ಬಿದ್ದಂತೆ, ಶಬ್ಬಾತಿನ ಊಟಕ್ಕೆ ಹಸಿವು ಉಳಿಯಲೆಂದು ಬೆಳಿಗ್ಗೆಯೇ ಮುಗಿಸಿಕೊಳ್ಳುತ್ತಾರೆ.

ಕುಡಿಯುವ ವಿಷಯದಲ್ಲಿ ಪೂರಿಮಿಗೆ ಒಂದು ಅಪಖ್ಯಾತಿ ಇದೆ, ಅದರ ಮೂಲ ತಾಲ್ಮೂದಿನ ಒಂದು ವಾಕ್ಯ: ‘ಹಾಮಾನನಿಗೆ ಶಾಪ’, ‘ಮೊರ್ದೆಕೈಗೆ ಆಶೀರ್ವಾದ’ ಎಂಬುದರ ವ್ಯತ್ಯಾಸ ತಿಳಿಯದಷ್ಟು ಮನುಷ್ಯ ಅಂದು ಅಮಲೇರಿಸಿಕೊಳ್ಳಬೇಕು. ಇದನ್ನು ಉದ್ಧರಿಸುವವರು ಅದರ ಪಕ್ಕದಲ್ಲಿಯೇ ಇರುವ ಕಥೆಯನ್ನು ಬಿಟ್ಟುಬಿಡುತ್ತಾರೆ. ರಬ್ಬಾ ಮತ್ತು ರಬ್ಬಿ ಜೇರಾ ಎಂಬ ಇಬ್ಬರು ವಿದ್ವಾಂಸರು ಒಟ್ಟಿಗೆ ಪೂರಿಮ್ ಊಟ ಮಾಡುತ್ತಾರೆ, ಅಮಲಿನಲ್ಲಿ ರಬ್ಬಾ ಎದ್ದು ಸ್ನೇಹಿತನ ಕತ್ತು ಕೊಯ್ಯುತ್ತಾನೆ, ಮರುದಿನ ಪ್ರಾರ್ಥಿಸಿ ಬದುಕಿಸುತ್ತಾನೆ. ಮುಂದಿನ ವರ್ಷ ಮತ್ತೆ ಊಟಕ್ಕೆ ಕರೆದಾಗ ರಬ್ಬಿ ಜೇರಾ ಹೇಳುವುದಿಷ್ಟು: ಪ್ರತಿ ಸಲವೂ ಅದ್ಭುತ ನಡೆಯುವುದಿಲ್ಲ. ನಿಯಮದ ಬೆನ್ನಿಗೇ ಈ ಕಥೆಯನ್ನು ಇಟ್ಟವರ ಅಭಿಪ್ರಾಯ ಏನೆಂದು ಊಹಿಸುವುದು ಕಷ್ಟವಲ್ಲ. 16ನೇ ಶತಮಾನದಲ್ಲಿ ಕ್ರಾಕೋವಿನ ರಬ್ಬಿ ಮೋಶೆ ಇಸ್ಸರ್ಲಿಸರು ಒಂದು ದಾರಿ ತೋರಿಸಿದರು. ವಾಡಿಕೆಗಿಂತ ತುಸು ಹೆಚ್ಚು ಕುಡಿದು ಮಲಗಿಬಿಟ್ಟರೆ ಸಾಕು, ನಿದ್ರಿಸುವವನಿಗೆ ಶಾಪವೂ ಆಶೀರ್ವಾದವೂ ಒಂದೇ. ಮದ್ಯ ಮುಟ್ಟದವರು, ಔಷಧ ತೆಗೆದುಕೊಳ್ಳುವವರು, ವಾಹನ ನಡೆಸುವವರು ದ್ರಾಕ್ಷಿಹಣ್ಣಿನ ರಸವನ್ನು ಕುಡಿದು ಒಂದು ನಿದ್ರೆ ಮಾಡಬಹುದು. ಅತಿಥಿಗೆ ಒತ್ತಾಯ ಬಂದರೆ ರಬ್ಬಿ ಜೇರಾನ ಮಾತನ್ನೇ ಹೇಳಿ ನೋಡಿ, ಮೇಜಿನ ಸುತ್ತಲೂ ನಗುವೇಳುತ್ತದೆ.

ಒಂಬತ್ತನೆಯ ಅಧ್ಯಾಯವನ್ನು ದಾಟುವುದು ಹೇಗೆ

ಮಕ್ಕಳ ನಾಟಕಗಳು ಹಾಮಾನನು ಮೊರ್ದೆಕೈಗೆಂದು ತಾನು ನಿಲ್ಲಿಸಿದ ಐವತ್ತು ಮೊಳದ ಗಲ್ಲುಮರಕ್ಕೆ ತಾನೇ ಏರುವಲ್ಲಿಗೆ ಮುಗಿಯುತ್ತವೆ. ಪುಸ್ತಕ ಅಲ್ಲಿಗೆ ಮುಗಿಯುವುದಿಲ್ಲ. ಯೆಹೂದಿಗಳನ್ನು ಅಳಿಸುವ ಮೊದಲ ಆಜ್ಞೆಯನ್ನು ರದ್ದುಮಾಡಲಾಗದ ಅರಸನು, ತಮ್ಮ ಮೇಲೆ ಬಂದವರನ್ನು ಎದುರಿಸಲು ಯೆಹೂದಿಗಳಿಗೆ ಅನುಮತಿ ಕೊಡುತ್ತಾನೆ. ಶೂಷನಿನಲ್ಲಿ ಎರಡು ದಿನಗಳಲ್ಲಿ 800 ಮಂದಿ, ಉಳಿದ ಸಂಸ್ಥಾನಗಳಲ್ಲಿ 75,000 ಮಂದಿ ಹತರಾದರೆಂದು ಒಂಬತ್ತನೆಯ ಅಧ್ಯಾಯ ಹೇಳುತ್ತದೆ. ಇದನ್ನು ಪಾಠ ಮಾಡುವವರು ಅಧ್ಯಾಯವನ್ನು ಹಾರಿಸುವುದೂ ಸರಿಯಲ್ಲ, ಸಂಭ್ರಮದಿಂದ ಓದುವುದೂ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಪಠ್ಯದಲ್ಲಿಯೇ ಒಂದು ಕೀಲಿಯಿದೆ. ಕೊಳ್ಳೆ ಹೊಡೆಯುವ ಅನುಮತಿಯಿದ್ದರೂ ಅವರು ಕೊಳ್ಳೆಗೆ ಕೈಹಾಕಲಿಲ್ಲವೆಂದು ಅದು ಮೂರು ಸಲ ಹೇಳುತ್ತದೆ. ಅಮಾಲೇಕ್ಯರ ಅರಸ ಅಗಾಗನೊಂದಿಗಿನ ಯುದ್ಧದಲ್ಲಿ ಇಸ್ರಾಯೇಲ್ಯರ ಮೊದಲ ಅರಸ ಸೌಲನ ಜನರು ಕೊಳ್ಳೆಯನ್ನು ಉಳಿಸಿಕೊಂಡಿದ್ದರು, ಹಾಮಾನನು ಅಗಾಗನ ವಂಶದವನು, ಮೊರ್ದೆಕೈ ಸೌಲನ ಕುಲದವನು. ಹಳೆಯ ತಪ್ಪನ್ನು ಈ ಸಲ ಮಾಡಲಿಲ್ಲ ಎಂಬ ಧ್ವನಿ ಅಲ್ಲಿದೆ. ಅಮಾಲೇಕ್ಯರನ್ನು ಅಳಿಸಿಹಾಕಬೇಕೆಂಬ ತೋರಾದ ಆಜ್ಞೆಯನ್ನು ಇಂದು ಯಾವ ಜನಾಂಗದ ಮೇಲೂ ಹೊರಿಸುವಂತಿಲ್ಲ ಎಂಬುದಕ್ಕೂ ಶಾಸ್ತ್ರಾಧಾರವಿದೆ. ಅಸ್ಸೀರಿಯದ ಅರಸ ಸನ್ಹೇರೀಬನು ಜನಾಂಗಗಳನ್ನು ಕಲಸಿಬಿಟ್ಟಿದ್ದರಿಂದ ಯಾರು ಯಾವ ಕುಲವೆಂದು ಗುರುತಿಸಲಾಗದೆಂದು ಅಮ್ಮೋನಿಯರ ಸಂದರ್ಭದಲ್ಲಿ ರಬ್ಬಿ ಯೆಹೋಶುವನು ಹೇಳಿದ ಮಾತನ್ನು ನಂತರದವರು ಅಮಾಲೇಕ್ಯರಿಗೂ ಅನ್ವಯಿಸಿದ್ದಾರೆ. ಈ ಮಾತನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಉದಾಹರಣೆಯೂ ಇದೆ. 1994ರ ಫೆಬ್ರವರಿ 25, ಪೂರಿಮ್ ದಿನದಂದೇ, ಹೆಬ್ರೋನಿನಲ್ಲಿ ಒಬ್ಬ ಯೆಹೂದಿ ಉಗ್ರಗಾಮಿ ನಮಾಜಿನಲ್ಲಿದ್ದ 29 ಮುಸ್ಲಿಮರನ್ನು ಗುಂಡಿಟ್ಟು ಕೊಂದನು. ದೊಡ್ಡ ತರಗತಿಯ ವಿದ್ಯಾರ್ಥಿಗಳಿಗೆ ಇದನ್ನು ಮುಚ್ಚಿಡದೆ ಹೇಳಿ, ಸುರುಳಿಯ ಮೂರನೆಯ ಅಧ್ಯಾಯದ 8ನೆಯ ವಚನವನ್ನು ಇನ್ನೊಮ್ಮೆ ಓದಿಸಿ: ಹೆಸರಿಲ್ಲದ ಒಂದು ‘ಜನಾಂಗ’ದ ಬಗ್ಗೆ ಮಾತಾಡಲು ತೊಡಗಿದವನು ಆ ಕಥೆಯಲ್ಲಿ ಯಾರಾಗಿದ್ದನು ಎಂದು ಅವರನ್ನೇ ಕೇಳಿ.

ಹಬ್ಬ ಮುಗಿದ ಮೇಲೆ

ಸೂರ್ಯಾಸ್ತದೊಂದಿಗೆ ಕರ್ತವ್ಯಗಳ ಅವಧಿ ಮುಗಿಯುತ್ತದೆ. ಆ ಹೊತ್ತಿಗೆ ಮೇಜಿನ ಮೇಲೆ ಬುಟ್ಟಿಗಳು ಬೆಟ್ಟವಾಗಿರುತ್ತವೆ. ಪೆಸಹ ಹಬ್ಬಕ್ಕೆ ಸರಿಯಾಗಿ 30 ದಿನಗಳು ಉಳಿದಿರುತ್ತವೆ, ಆ ಹಬ್ಬದ ನಿಯಮಗಳ ಅಧ್ಯಯನ ಅಂದಿನಿಂದಲೇ ಆರಂಭವಾಗಬೇಕೆಂದು ವಿಧಿಯಿದೆ, ಮತ್ತು ಪೆಸಹದಲ್ಲಿ ಹುಳಿಹಿಟ್ಟಿನ ಒಂದು ಚೂರೂ ಮನೆಯಲ್ಲಿರುವಂತಿಲ್ಲ. ಆದ್ದರಿಂದ ಬಿಸ್ಕತ್ತು, ಕೇಕು, ಹಾಮಾನನ ಕಿವಿಗಳನ್ನೆಲ್ಲ ಒಂದು ಕಡೆ, ಹಣ್ಣು, ಒಣದ್ರಾಕ್ಷಿ, ದ್ರಾಕ್ಷಾರಸಗಳನ್ನು ಇನ್ನೊಂದು ಕಡೆ ಬೇರ್ಪಡಿಸಿ. ಮೊದಲಿನ ರಾಶಿಯನ್ನು ಮನೆಯ ಹಿರಿಯರನ್ನು ಕೇಳಿಕೊಂಡು ಈ ವಾರದಲ್ಲಿಯೇ ಹಂಚಲು ತೊಡಗಿ, ವೇಷದ ಬಟ್ಟೆಗಳ ಜೇಬುಗಳನ್ನು ಕೊಡವಿಯೇ ಪೆಟ್ಟಿಗೆಯೊಳಗಿಡಿ.